ಮೊದಲ ಪಂಕ್ತಿ

"ಗುರುಗಳೇ, ಕಾಡಿನವರ ಜೊತೆ ಮತ್ತೆ ಒಂದಾಗಬೇಕೆಂದು ನಮ್ಮೂರು ನಿಶ್ಚಯಿಸಿದೆ. ಕೈಮುಗಿದು ತಪ್ಪೊಪ್ಪಿಕೊಂಡು ಒಂದು ಔತಣ ಹಾಕಿದರೆ ಸಾಲದೇ?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕು ಹೇಳಿದರು:

ಒಂದು ಊರಿನವರು ಹಿಂದೆ ಕಾಡಿನವರನ್ನು ಎಬ್ಬಿಸಿ, ಅವರ ನೆಲದಲ್ಲಿ ಹೊಲ ಮನೆ ಮಾಡಿಕೊಂಡಿದ್ದರು. ಮೊಮ್ಮಕ್ಕಳ ಕಾಲಕ್ಕೆ ಅದು ಮನಸ್ಸಿಗೆ ಚುಚ್ಚತೊಡಗಿತು. ಇದನ್ನು ಸರಿಮಾಡದೆ ಸಾಯುವುದಿಲ್ಲವೆಂದು ಊರಿನ ಯಜಮಾನ ಪಣ ತೊಟ್ಟು, ಕಾಡಿನವರಿಗೆ ಔತಣ ಹಾಕಿದ. ಔತಣವೆಂದರೆ ಅಂಥಿಂಥ ಔತಣವಲ್ಲ. ಒಗ್ಗರಣೆಯ ಘಾಟಿಗೆ ಮೂರು ಗುಡ್ಡದಾಚೆ ಕರಡಿ ಸೀನಿತು. ಸುಳ್ಳಲ್ಲ, ಆ ಸೀನಿಗೆ ಇಲ್ಲಿ ನನ್ನ ದೀಪ ಆರಿತ್ತು.

ಕಾಡಿನವರ ಹಾಡಿಯಿಂದ ಎಲ್ಲರೂ ಬಂದರು. ಯಜಮಾನ ಅವರೆದುರು ಅಡ್ಡಬಿದ್ದ. "ಈ ನೆಲ ನಿಮ್ಮದು. ನಮ್ಮ ಹಿರಿಯರು ಕಿತ್ತುಕೊಂಡರು. ತಪ್ಪಾಯಿತು" ಎಂದು ಅತ್ತ. ಅಷ್ಟು ಚೆನ್ನಾಗಿ ಅತ್ತನೆಂದರೆ ತನಗೆ ತಾನೇ ಮೆಚ್ಚಿಗೆಯಾದ. ಕಣ್ಣೊರೆಸಿಕೊಂಡು, ಬಡಿಸಲು ಸೌಟು ಹಿಡಿದು, ಅವರನ್ನು ಮೊದಲ ಪಂಕ್ತಿಗೆ ಕರೆದ. ಒಬ್ಬರೂ ಕೂರಲಿಲ್ಲ. ಹಾಡಿಯ ಹಿರಿಯಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವನ ಕೈಯಿಂದ ಸೌಟು ತೆಗೆದುಕೊಂಡಳು.

ಯಜಮಾನನಿಗೆ ತಲೆಬುಡ ಅರ್ಥವಾಗಲಿಲ್ಲ. ಉಪ್ಪು ಹೆಚ್ಚಾಯಿತೇನೋ ಎಂದು ಸಾರು ರುಚಿ ನೋಡಿದ. ಸರಿಯಾಗಿಯೇ ಇತ್ತು.

"ಸಿಟ್ಟು ಇಳಿದಿಲ್ಲವೇನಜ್ಜಿ? ಇನ್ನೊಂದು ಸಲ ಅಡ್ಡಬೀಳಲೇ?"

"ಬೇಡಪ್ಪ, ಸೊಂಟ ಹಿಡಿದೀತು. ನೆಲ ನಮ್ಮದೆಂದು ನೀನೇ ಹೇಳಿದೆಯಲ್ಲ. ಹಾಗಾದರೆ ನೆಂಟರು ನೀವು. ನೆಂಟರಿಗಿಂತ ಮೊದಲು ಮನೆಯವರು ಉಣ್ಣುವುದುಂಟೇ? ಕೂರು, ಬಡಿಸುತ್ತೇನೆ."

ಯಜಮಾನ ಎಲೆ ನೋಡಿದ. ಅಜ್ಜಿಯನ್ನು ನೋಡಿದ. ಕೂತು ಉಂಡರೆ ಇಡೀ ಊರು ಇನ್ನು ಮೇಲೆ ನೆಂಟರ ಊರು. ಹೊಲ, ಬಾವಿ, ಅವನ ಜಗಲಿ ಎಲ್ಲ ಅವರದು. ಕೂರದಿದ್ದರೆ ಈಗಷ್ಟೇ ಅತ್ತದ್ದು ಸುಳ್ಳು. ಊರವರು ಅವನ ಮುಖವನ್ನೇ ನೋಡುತ್ತಿದ್ದರು. ಅವನು ಅವರ ಮುಖ ನೋಡಿದರೆ ಅವರು ಆಕಾಶ ನೋಡುತ್ತಿದ್ದರು. ಯಜಮಾನ ಮೆಲ್ಲಗೆ ಮೊಣಕಾಲು ಮಡಚಿದ. ಅರ್ಧಕ್ಕೆ ನಿಂತ. ತಾನು ಕೂರುತ್ತಿದ್ದೇನೋ ಏಳುತ್ತಿದ್ದೇನೋ ಅವನಿಗೇ ತಿಳಿಯಲಿಲ್ಲ. ಅಜ್ಜಿ ಸೌಟು ಹಿಡಿದು ಕಾಯುತ್ತಿದ್ದಳು. ಅನ್ನ ಆರುತ್ತಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿ ಎಲೆಯಡಿಕೆ ಹಾಕಿಕೊಂಡರು.

ಶಿಷ್ಯ ತಡೆಯಲಾರದೆ ಕೇಳಿದ: "ಕೊನೆಗೆ ಕೂತನೇ ಗುರುಗಳೇ?"

"ಅವನದಿರಲಿ, ನಿಮ್ಮೂರಿನ ಔತಣದಲ್ಲಿ ಸೌಟು ಯಾರ ಕೈಯಲ್ಲಿರುತ್ತದೆ?"