ಎಲೆ ಮುಚ್ಚಿ ಕಚ್ಚಿದ ಸೀಬೆಹಣ್ಣು

ಮಕ್ಕಳೇ, ಕಾಡು ಮುಗಿದು ಊರು ಶುರುವಾಗುವ ಕಡೆ ಒಂದು ನೀರಿನ ಕುಂಟೆ. ಅದರ ಏರಿಯ ಮೇಲೆ ಸೀಬೆಮರ. ಮರದಲ್ಲಿ ತಲೆಕೆಳಗಾಗಿ ಜೋತುಬಿದ್ದವಳು ಬಾವಲಕ್ಕ. ಕೆಳಗೆ ಕೆಸರಿನಲ್ಲಿ ಹೊರಳುತ್ತಿದ್ದವನು ದುಂಡ ಎಂಬ ಹಂದಿ. ತಾಯಿ ಸತ್ತ ಈ ಮರಿಯನ್ನು ಊರಿನ ಈರಕ್ಕ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ದುಂಡನಿಗೆ ಈರಕ್ಕನೆಂದರೆ ಪ್ರಾಣ. ಹಣ್ಣೆಂದರೆ ಮಾತ್ರ ಮೈಮರೆವು.

ಒಂದು ಮುಂಜಾನೆ ಅರ್ಧ ತಿಂದ ಹಣ್ಣೊಂದು ದೊಪ್ಪನೆ ಬಿತ್ತು.

"ಮುಟ್ಟಬೇಡ ಕಣೋ, ನನ್ನ ಎಂಜಲು ಅದು," ಎಂದಳು ಬಾವಲಕ್ಕ.

"ನೀನೇ ಬಿಸಾಕಿದ್ದು ತಾನೆ? ಇಷ್ಟೊಂದು ಜಿಪುಣತನ ಯಾಕಕ್ಕ?"

"ಜಿಪುಣತನ ಅಲ್ಲವೋ. ನನ್ನ ಮೈಯಲ್ಲಿ ಒಂದು ವೈರಾಣು ಇದೆ. ಕಣ್ಣಿಗೆ ಕಾಣಲ್ಲ. ನನಗೇನೂ ಮಾಡಲ್ಲ, ಹೊಂದಿಕೊಂಡುಬಿಟ್ಟಿದ್ದೇವೆ. ಜೊಲ್ಲಿನ ಜೊತೆ ನಿನ್ನ ಮೈ ಸೇರಿದರೆ ಸುಮ್ಮನಿರಲ್ಲ. ಆಮೇಲೆ ನಿನ್ನಿಂದ ಯಾರ ಮೈಗೆ ಹೋಗುತ್ತೋ."

ದುಂಡನ ಕಿವಿ ಮರದ ಕಡೆ, ಮೂಗು ಹಣ್ಣಿನ ಮೇಲೆ. ಈರಕ್ಕನ ಮಕ್ಕಳು ತಿಂಡಿಗೆ ಅಂಗಿಯ ತುದಿ ಮುಚ್ಚಿ, ಕಚ್ಚಿ ತುಂಡು ಮಾಡಿ, "ಗುಬ್ಬಿ ಎಂಜಲು" ಎಂದು ಹಂಚಿಕೊಳ್ಳುವುದನ್ನು ಅವನು ನೋಡಿದ್ದ. ನಡುವೆ ಬಟ್ಟೆಯಿದ್ದರೆ ಎಂಜಲಾಗುವುದಿಲ್ಲವಂತೆ.

ಮೂತಿಯಿಂದ ಎಲೆಯೊಂದನ್ನು ಎಳೆದು ಹಣ್ಣಿನ ಮೇಲೆ ಮುಚ್ಚಿ ಕಚಕ್ಕನೆ ಕಚ್ಚಿದ. "ನೋಡಕ್ಕ, ಗುಬ್ಬಿ ಎಂಜಲು. ಇನ್ನು ದೋಷವಿಲ್ಲ."

"ಅದು ಮಕ್ಕಳ ಆಟ ಕಣೋ. ವೈರಾಣು ನಿಮ್ಮ ಆಟಕ್ಕೆ ಸೇರಿದ್ದಲ್ಲ."

ಅಷ್ಟರಲ್ಲಿ ಹಣ್ಣು ಗಂಟಲಿಳಿದಿತ್ತು.

ಕೆಲವೇ ದಿನಗಳಲ್ಲಿ ದುಂಡನ ಮೈ ಕಾದ ಹೆಂಚಾಯಿತು. ಉಸಿರೆಳೆದರೆ ಎದೆಯಲ್ಲಿ ಗೊರಗೊರ. ಈರಕ್ಕ ಮನೆ ಪಕ್ಕದ ಹಂದಿಗೂಡಿಗೆ ಓಡಿಬಂದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಸುರಿಯುತ್ತಿದ್ದ ಸಿಂಬಳವನ್ನು ಬರಿಗೈಯಲ್ಲೇ ಒರೆಸಿದಳು.

"ಏನಾಯ್ತೋ ನನ್ನಪ್ಪ? ಒಂದು ಗುಟುಕು ಗಂಜಿ ಕುಡಿ."

ಯಾರ ಮೈಗೆ ಹೋಗುತ್ತೋ ಎಂದಿದ್ದಳಲ್ಲ ಬಾವಲಕ್ಕ! ದುಂಡನಿಗೆ ಈಗ ನೆನಪಾಯಿತು.

"ದೂರ ಹೋಗಮ್ಮ," ಎಂದು ಕೂಗಿದ. ಅವಳಿಗೆ ಕೇಳಿಸಿದ್ದು ಬರೀ ನರಳಾಟ. ಇನ್ನೂ ಹತ್ತಿರ ಬಾಗಿದಳು. ದುಂಡನಿಗೆ ಕೆಮ್ಮು ಒತ್ತರಿಸಿ ಬಂತು. ಹಲ್ಲು ಕಚ್ಚಿ ತಡೆದ. ಆಗಲಿಲ್ಲ. ಅವಳ ಮುಖಕ್ಕೇ ಸಿಡಿಯಿತು.

ಬೇರೆ ದಾರಿ ಕಾಣದೆ ಕೋರೆ ತೋರಿಸಿ ಅವಳ ಮೇಲೆ ನುಗ್ಗಿದ.

"ಸಾಕಿದವಳನ್ನೇ ಕಚ್ಚೋಕೆ ಬರ್ತೀಯಾ? ಬಿದ್ದಿರು ಅಲ್ಲೇ," ಎಂದು ಈರಕ್ಕ ಹೊರಗೆ ಹೋದಳು. ಬೈಗುಳ ತಿಂದೂ ದುಂಡ ನೆಮ್ಮದಿಯ ಉಸಿರುಬಿಟ್ಟ.

ಅವನ ಜ್ವರ ಇಳಿಯಿತು. ಕಾಲಿಗೆ ಬಲ ಬಂತು. ಗಂಜಿ ಹಿಡಿದು ಈರಕ್ಕ ಮಾತ್ರ ಬರಲಿಲ್ಲ. ಗೋಡೆಯಾಚೆಯಿಂದ ಕೆಮ್ಮು ಕೇಳಿಸಿತು. ಅವನದೇ ಕೆಮ್ಮು, ಈರಕ್ಕನ ಗಂಟಲಲ್ಲಿ.

ದುಂಡ ಕೆಸರಿಗೆ ಕಿವಿ ಒತ್ತಿ ಮಲಗಿದ. ಕೆಮ್ಮು ನಿಲ್ಲಲಿಲ್ಲ.

ನೀತಿ: ಬೇಡವೆಂದದ್ದನ್ನು ನೆಪ ಹೂಡಿ ತಿಂದವನು ರೋಗವನ್ನು ತಾನೊಬ್ಬನೇ ಅನುಭವಿಸುವುದಿಲ್ಲ, ತನ್ನನ್ನು ಪ್ರೀತಿಸುವವರ ಮೈಗೂ ದಾಟಿಸುತ್ತಾನೆ.