ಇಪ್ಪತ್ತು ಉಸಿರು

ಶಿಷ್ಯನು ಕೇಳಿದನು: “ಗುರುಗಳೇ, ಭೂಮಿ ನಡುಗುವ ಸುದ್ದಿ ಇಪ್ಪತ್ತು ಉಸಿರು ಮುಂಚೆ ಬಂದರೆ ಏನು ಫಲ? ಅಷ್ಟರಲ್ಲಿ ಚಪ್ಪಲಿ ಮೆಟ್ಟಿಕೊಳ್ಳಲೂ ಆಗುವುದಿಲ್ಲ.”

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಮನೆಮನೆಯ ಒಲೆಗೂ ಕೊಳವೆಯಲ್ಲಿ ಗ್ಯಾಸ್ ಹೋಗುತ್ತಿತ್ತು. ಊರಿಗೆಲ್ಲ ಗ್ಯಾಸ್ ಬಿಡುವ, ತಡೆಯುವ ಹೆಬ್ಬಾಗಿಲಿಗೆ ಒಬ್ಬ ಕಾವಲುಗಾರನಿದ್ದನು. ದೂರದ ಬೆಟ್ಟದಲ್ಲಿ ಒಂದು ಯಂತ್ರ ನೆಲಕ್ಕೆ ಕಿವಿಗೊಟ್ಟು ಕುಳಿತಿತ್ತು. ನಡುಕ ನೆಲದೊಳಗೆ ಬರುತ್ತದೆ, ಸುದ್ದಿ ತಂತಿಯಲ್ಲಿ ಬರುತ್ತದೆ, ಸುದ್ದಿಯೇ ಮುಂದು. ಸುದ್ದಿ ಬಂದು ಕಾವಲುಗಾರನ ಬಳಿಯ ಗಂಟೆ ಹೊಡೆದೊಡನೆ ಬಾಗಿಲು ತಾನಾಗಿ ಮುಚ್ಚುವಂತೆ ಕಟ್ಟಿದವರು ಏರ್ಪಡಿಸಿದ್ದರು.

ಒಮ್ಮೆ ಗಂಟೆ ಹೊಡೆಯಿತು, ಬಾಗಿಲು ಮುಚ್ಚಿತು. ಊರು ಅಲುಗಿದ್ದು ತೊಟ್ಟಿಲು ತೂಗಿದಷ್ಟೇ. ಮಧ್ಯಾಹ್ನದವರೆಗೆ ಯಾರ ಮನೆಯಲ್ಲೂ ಅನ್ನ ಬೇಯಲಿಲ್ಲ. ಜನ ಗ್ಯಾಸಿನ ಅಧಿಕಾರಿಯ ಮನೆಯ ಮುಂದೆ ನಿಂತು ಬೈದರು. ಅಧಿಕಾರಿ ಬಾಗಿಲಿನ ತಂತಿಯನ್ನು ಬಿಚ್ಚಿಸಿದನು.

“ಇನ್ನು ನೀನೇ ಕೈಯಲ್ಲಿ ಮುಚ್ಚು. ಆದರೆ ನನ್ನನ್ನು ಒಂದು ಮಾತು ಕೇಳದೆ ಹಿಡಿಕೆ ಮುಟ್ಟಿದೆಯೋ, ಕೆಲಸ ಹೋಯಿತೆಂದೇ ತಿಳಿ” ಎಂದು ಕಾವಲುಗಾರನಿಗೆ ಹೇಳಿದನು.

ಕಾವಲುಗಾರನ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ತಾಯಿಯಿಲ್ಲದ ಮಗಳ ಬಾಣಂತನವನ್ನು ಅವನೇ ಮಾಡುತ್ತಿದ್ದನು. ಮಗು ಹುಟ್ಟಿದ ಹನ್ನೊಂದನೆಯ ದಿನ ಬೆಳಿಗ್ಗೆ, ಅವಳ ಸ್ನಾನದ ನೀರಿಗೆ ಒಲೆ ಹಚ್ಚಿಟ್ಟು ಕೆಲಸಕ್ಕೆ ಬಂದನು.

ಗಂಟೆ ಹೊಡೆಯಿತು. ಅವನ ಕೈ ಹಿಡಿಕೆಯ ಮೇಲೆ ಹೋಯಿತು. ಮತ್ತೆ ಕೈ ತೆಗೆದು ಅಧಿಕಾರಿಯ ಮನೆಗೆ ಫೋನ್ ಮಾಡಿದನು. ಅಧಿಕಾರಿಯ ಹೆಂಡತಿ ಎತ್ತಿಕೊಂಡಳು.

“ಅವರು ಪೂಜೆಗೆ ಕೂತಿದ್ದಾರಪ್ಪ. ಮಂಗಳಾರತಿ ಆಗಲಿ, ಹೇಳ್ತೀನಿ.”

“ಅಮ್ಮಾ, ಗಂಟೆ ಹೊಡೀತಾ ಇದೆ!”

“ಇಲ್ಲೂ ಹೊಡೀತಾ ಇದೆ, ಸ್ವಲ್ಪ ತಾಳು.”

ಅವನು ತಾಳಿದನು. ಒಲೆಯ ಮೇಲಿನ ನೀರು ಅವನ ನೆನಪಿಗೆ ಬಂದಿತು. ಅಷ್ಟರಲ್ಲಿ ನೆಲ ಎದ್ದು ಅವನನ್ನು ಕೆಡವಿತು. ಅವನು ತೆವಳಿ ಹಿಡಿಕೆಯನ್ನು ತಿರುಗಿಸುವ ವೇಳೆಗೆ ಕೊಳವೆಗಳು ಒಡೆದಿದ್ದವು. ನಡುಕ ಉಳಿಸಿದ್ದ ಬೀದಿಯನ್ನು ಬೆಂಕಿ ಉಳಿಸಲಿಲ್ಲ. ಅದು ಅವನ ಬೀದಿ.

ಸಂಜೆ ಅಧಿಕಾರಿ ಬೂದಿಯ ನಡುವೆ ಬಂದು ಅತ್ತನು. “ಒಂದು ಮಾತು ಕೇಳಿದ್ದರೆ ನಾನು ಬೇಡ ಅಂತಿದ್ದೆನೇನಯ್ಯಾ?”

“ಕೇಳ್ತಾನೇ ಇದ್ದೆ, ಸ್ವಾಮಿ.”

ಸತ್ತವರ ಹೆಸರು ಬರೆದುಕೊಳ್ಳುವವರು ಬಂದರು. ಅವನು ಮಗಳ ಹೆಸರು ಹೇಳಿದನು. ಮಗುವಿಗೆ ನಾಮಕರಣ ಮರುದಿನವಿತ್ತು.

ಗುರುಗಳು ಶಿಷ್ಯನ ಕಡೆಗೆ ತಿರುಗಿದರು. “ಇಪ್ಪತ್ತು ಉಸಿರು ಸಾಲದು ಎಂದೆಯಲ್ಲ, ಆ ಹಿಡಿಕೆ ತಿರುಗಲು ಮೂರು ಸಾಕಿತ್ತು.”