ಬಾಗಿಲ ಮೇಲೆ ಹೆಸರು

ಹುಬ್ಬಳ್ಳಿಯ ಶೋರೂಮಿಗೆ ಆ ಅಪರೂಪದ ಕಾರು ಬಂದದ್ದು ಒಂದೇ ಒಂದು. ಕೊಂಡು ಲಾಭಕ್ಕೆ ಮಾರುವವರಿಗೆ ಅದನ್ನು ಕೊಟ್ಟರೆ ಕೆಲಸ ಹೋದೀತು ಎಂದು ಕಂಪನಿಯವರು ಗುಮಾಸ್ತೆ ತಬಸ್ಸುಮ್‌ಗೆ ಎಚ್ಚರಿಕೆ ಕೊಟ್ಟಿದ್ದರು.

ಗುತ್ತಿಗೆದಾರ ಗುರುಸಿದ್ದಪ್ಪ ಬಂದು ಮೇಜು ಗುದ್ದಿದ. "ಕಾರು ನನಗ ಬೇಕು. ಸಾಯೂತನಕ ಮಾರಂಗಿಲ್ಲ. ಕೊಡದಿದ್ರ ನಿಮ್ಮ ಮಾಲಕರಿಗೆ ಫೋನ್ ಹಚ್ಚತೇನಿ!"

ತಬಸ್ಸುಮ್ ಅಂಜಲಿಲ್ಲ. "ಭಾಳ ಸಂತೋಷ ಸಾಹೇಬ್ರ. ಹಂಗಾರ ಕಾರಿನ ಬಾಗಿಲ ಮ್ಯಾಲೆ ನಿಮ್ಮ ಹೆಸರು ದೊಡ್ಡದಾಗಿ ಕೆತ್ತಿಸಿ ಕೊಡತೇವಿ, ಪುಕ್ಕಟೆ. ಒಮ್ಮೆ ಕೆತ್ತಿದ್ರ ಅಳಿಸಾಕ ಬರಂಗಿಲ್ಲ."

ಗುರುಸಿದ್ದಪ್ಪ ಹೌಹಾರಿದ. "ಏ, ಬ್ಯಾಡವ್ವಾ! ನನ್ನ ಹೆಸರಿದ್ದ ಗಾಡಿ ನಾಳೆ ಯಾರು ತಗೋತಾರ?"

ಅಂದವನೇ ನಾಲಿಗೆ ಕಚ್ಚಿಕೊಂಡ.

ತಬಸ್ಸುಮ್ ನಗಲಿಲ್ಲ. ಕಾರಿನ ಕೀಲಿಯನ್ನು ಡ್ರಾಯರಿನೊಳಗಿಟ್ಟು ಬೀಗ ಹಾಕಿದಳು. "ಚಾ ಕುಡದು ಹೋಗ್ರಿ, ಸಾಹೇಬ್ರ" ಎಂದಳು.